ಇನ್ನೊಂದು ಬಿ.ಎಡ್ ಯಾಕೆ? ದೃಷ್ಟಿದೋಷವುಳ್ಳ ಮಕ್ಕಳ ಶಿಕ್ಷಣದಲ್ಲಿ ಎಂ.ಎಡ್ ಮಾಡಲು ಹೊರಟ ಶಿಕ್ಷಕಿಯೊಬ್ಬರ ಪ್ರಕರಣ

ಈ ಶಿಕ್ಷಕಿಯನ್ನು ಇಲ್ಲಿ ಮಂಜುಳ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು, ಕಾಲೇಜು, ಇಸವಿ ಹೇಳುವುದಿಲ್ಲ, ಗುರುತು ಸಿಗಬಾರದೆಂದು ಒಂದೆರಡು ವಿವರ ಬೇಕೆಂದೇ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ಬರೀರಿ ಸಾರ್, ಆದ್ರೆ ನನ್ನನ್ನ ಸಾಧಕಿ ಗೀಧಕಿ ಮಾಡ್ಬೇಡಿ" ಅಂದಿದ್ದಾರೆ. ನಾನು ತುಮಕೂರು ಜಿಲ್ಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಜೊತೆ ಕೆಲಸ ಮಾಡುವ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕ, ಇಲಾಖೆಯ ಭಾಷೆಯಲ್ಲಿ ಬಿಐಇಆರ್‌ಟಿ. ವರ್ಷಕ್ಕೆ ನಾಲ್ಕೈದು ಜನರಾದರೂ ಫೋನ್ ಮಾಡಿ "ಅಂಧ ಮಕ್ಕಳಿಗೆ ಪಾಠ ಮಾಡೋದರಲ್ಲಿ ಎಂ.ಎಡ್ ಮಾಡ್ಬೇಕು, ಯಾವ ಕಾಲೇಜು ಒಳ್ಳೇದು" ಅಂತ ಕೇಳುತ್ತಾರೆ. ಅವರೆಲ್ಲರಿಗೂ ಈ ಒಂದು ಪ್ರಕರಣ ಪೂರ್ತಿಯಾಗಿ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಮಂಜುಳ ಅವರ ಊರು ಜಿಲ್ಲೆಯ ಉತ್ತರಕ್ಕೆ, ಆಂಧ್ರದ ಗಡಿ ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿಗೆ ಕೂಲಿ, ಅಂಥ ಸೀಮೆ. ಅಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದರು. ಮಂಜುಳ ಚಿಕ್ಕವರಿದ್ದಾಗ ಸಂಜೆಯಾದರೆ ಹೊಸ್ತಿಲು ಎಡವುತ್ತಿದ್ದರಂತೆ. ಇರುಳುಗಣ್ಣು ಅಂತ ಮನೆಯವರು ನುಗ್ಗೆಸೊಪ್ಪು, ಕ್ಯಾರೆಟ್ ತಿನ್ನಿಸಿದರು. ವಿಟಮಿನ್ ಎ ಕೊರತೆಯಿಂದ ಬಂದ ಇರುಳುಗಣ್ಣಾಗಿದ್ದರೆ ಅದು ಸರಿ. ಇವರದು ರೆಟಿನೈಟಿಸ್ ಪಿಗ್ಮೆಂಟೋಸಾ, ವಂಶದಲ್ಲಿ ಬರುವಂಥ ಕಣ್ಣಿನ ಕಾಯಿಲೆ, ಅಮ್ಮನ ಮದುವೆಯ ವಿಷಯ ಹೇಳಿದ್ದು ಅದಕ್ಕೇ. ಮೊದಲು ಮಬ್ಬುಗತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಸುತ್ತಲಿನ ನೋಟ ಕುಗ್ಗುತ್ತಾ ಬಂದು ಕೊಳವೆಯೊಳಗಿಂದ ನೋಡಿದಂತೆ ನಡುವಿನದು ಮಾತ್ರ ಉಳಿಯುತ್ತದೆ.

ಈ ಕಾಯಿಲೆಯ ತಂಟೆ ಏನೆಂದರೆ ಇದನ್ನು ಯಾರೂ ನಂಬುವುದಿಲ್ಲ. ಪುಸ್ತಕದ ಅಕ್ಷರ ಓದುತ್ತಾರೆ, ಆದರೆ ಪಕ್ಕದಲ್ಲಿರುವ ಬೆಂಚಿಗೆ ಹೊಡೆದುಕೊಳ್ಳುತ್ತಾರೆ. "ಓದೋಕೆ ಕಾಣ್ಸುತ್ತೆ, ಬೆಂಚ್ ಕಾಣ್ಸಲ್ವಾ?" ಎಂದು ಹೈಸ್ಕೂಲಿನಲ್ಲಿ ಬೈಸಿಕೊಂಡಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದಕ್ಕೆ ಜಾಗ ಇದೆ. ಅಕ್ಷರ ಎಷ್ಟು ದೂರದಿಂದ ಕಾಣುತ್ತದೆ ಎಂಬುದಷ್ಟೇ ಅಲ್ಲಿನ ಲೆಕ್ಕವಲ್ಲ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ. ಮಂಜುಳ ಅವರಿಗೆ ಸರ್ಟಿಫಿಕೇಟ್ ಸಿಕ್ಕಿದ್ದು ಬಿ.ಎ ಮುಗಿದ ಮೇಲೆ. ಅಲ್ಲಿಯವರೆಗೆ ಕಣ್ಣನ್ನು ಪುಸ್ತಕಕ್ಕೆ ಅಂಟಿಸಿಕೊಂಡೇ ಓದಿದರು. ಬ್ರೈಲ್ ಮುಟ್ಟಿಯೇ ಇರಲಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಾಮಾನ್ಯ ಬಿ.ಎಡ್ ಮುಗಿಸಿ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿದ್ದರು. ಅದೇ ಶಾಲೆಗೆ ಪೂರ್ತಿ ಕಣ್ಣು ಕಾಣದ ಹುಡುಗಿಯೊಬ್ಬಳು ಎಂಟನೇ ತರಗತಿಗೆ ಸೇರಿದಳು. ನಾನು ಅವಳನ್ನು ನೋಡಲು ಹೋಗುತ್ತಿದ್ದೆ, ಹಾಗೆ ಪರಿಚಯ. ಹುಡುಗಿ ಬ್ರೈಲಿನಲ್ಲಿ ಬರೆದುಕೊಟ್ಟ ಉತ್ತರ ಆ ಶಾಲೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಹಾಳೆ ನನ್ನ ಬ್ಯಾಗಿಗೆ ಬರುತ್ತಿತ್ತು. ಮುಂದಿನ ಭೇಟಿಯವರೆಗೆ ಅವಳಿಗೆ ಅಂಕ ಇಲ್ಲ. ಮಂಜುಳ ತೀರ್ಮಾನ ಮಾಡಿದ್ದು ಆ ಹೊತ್ತಿಗೆ. ಈ ವಿಷಯದಲ್ಲೇ ಎಂ.ಎಡ್ ಮಾಡುತ್ತೇನೆ ಎಂದರು.

ಎಡವಿದ್ದು ಎಲ್ಲಿ

ಅರ್ಜಿ ಹಾಕಿದರು. ಅರ್ಹತೆ ಇಲ್ಲ ಅಂತ ವಾಪಸ್ ಬಂತು. ಬಿ.ಎಡ್‌ನಲ್ಲಿ ಒಳ್ಳೆ ಅಂಕ ಇದ್ದವರಿಗೆ ಅದು ತಲೆಗೇ ಹೋಗಲಿಲ್ಲ.

ಈ ಕ್ಷೇತ್ರಕ್ಕೆ ಬೇರೆಯೇ ಯಜಮಾನರಿದ್ದಾರೆ. ಮಾಮೂಲಿ ಬಿ.ಎಡ್, ಎಂ.ಎಡ್ ನೋಡಿಕೊಳ್ಳುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ, ಅಂದರೆ ಎನ್‌ಸಿಟಿಇ. ವಿಶೇಷ ಶಿಕ್ಷಣದ ಕೋರ್ಸುಗಳನ್ನು ನೋಡಿಕೊಳ್ಳುವುದು ಭಾರತೀಯ ಪುನರ್ವಸತಿ ಮಂಡಳಿ, ಎಲ್ಲರ ಬಾಯಲ್ಲಿ ಆರ್‌ಸಿಐ. 1992ರ ಕಾಯ್ದೆಯಿಂದ ಬಂದದ್ದು. ಅವರು ಒಂದು ಕೇಂದ್ರ ರಿಜಿಸ್ಟರ್ ಇಟ್ಟಿದ್ದಾರೆ, ಸಿಆರ್‌ಆರ್ ಅಂತ. ಆ ರಿಜಿಸ್ಟರಿನಲ್ಲಿ ಹೆಸರು ಇಲ್ಲದವರು ವಿಶೇಷ ಶಿಕ್ಷಕರಲ್ಲ, ಎಷ್ಟೇ ಡಿಗ್ರಿ ಇರಲಿ. ವಿಶೇಷ ಶಿಕ್ಷಣದ ಎಂ.ಎಡ್‌ಗೆ ಸೇರಲು ಎರಡೇ ದಾರಿ. ಒಂದೋ ಅವರ ಮಾನ್ಯತೆ ಇರುವ ವಿಶೇಷ ಶಿಕ್ಷಣದ ಬಿ.ಎಡ್, ಇಲ್ಲವೇ ಸಾಮಾನ್ಯ ಬಿ.ಎಡ್ ಜೊತೆ ವಿಶೇಷ ಶಿಕ್ಷಣದ ಡಿಪ್ಲೊಮಾ. ಎರಡರಲ್ಲೂ ಕನಿಷ್ಠ ಶೇ 50 ಅಂಕ. ಸಾಮಾನ್ಯ ಬಿ.ಎಡ್ ಒಂದರಿಂದಲೇ ಒಳಗೆ ಹೋಗಲು ಆಗುವುದಿಲ್ಲ.

ಅಂದರೆ ಎಂ.ಎಡ್‌ನ 2 ವರ್ಷಕ್ಕೆ ಮೊದಲು ಇನ್ನೂ 2 ವರ್ಷ. ಮನೆಯಲ್ಲಿ ದೊಡ್ಡಪ್ಪ ಕೇಳಿದ್ದು ಇದನ್ನೇ: "ಒಂದ್ ಬಿ.ಎಡ್ ಮಾಡಿದ್ಯಲ್ಲಮ್ಮ, ಇನ್ನೊಂದ್ ಬಿ.ಎಡ್ ಯಾಕೆ? ಜನ ಏನಂತಾರೆ, ಫೇಲಾಗಿ ಮತ್ತೆ ಕಟ್ಟಿದಾಳೆ ಅಂತಾರೆ." ನಗು ಬರುತ್ತದೆ, ಆದರೆ ಮದುವೆ ಮಾತು ನಡೆಯುತ್ತಿರುವ ಮನೆಯಲ್ಲಿ ಅದು ನಗುವ ಮಾತಲ್ಲ.

ಮೂರು ದಾರಿ, ಒಬ್ಬ ಏಜೆಂಟ್

ಮೊದಲನೆಯದು, ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಸಾಮಾನ್ಯ ಎಂ.ಎಡ್ ಮಾಡುವುದು. ಅದರಲ್ಲಿ ಸಮನ್ವಯ ಶಿಕ್ಷಣದ ಒಂದು ಪೇಪರ್ ಇರುತ್ತದೆ. 2 ವರ್ಷದಲ್ಲಿ ಮುಗಿಯುತ್ತದೆ, ಮನೆಯಿಂದ ದೂರ ಹೋಗಬೇಕಿಲ್ಲ, ಬಿ.ಎಡ್ ಕಾಲೇಜಿನಲ್ಲಿ ಕೆಲಸ ಹುಡುಕಬಹುದು. ಅವರ ಬಳಗದಲ್ಲಿ ಎಲ್ಲರೂ ಹೇಳಿದ್ದು ಇದನ್ನೇ. ಎರಡನೆಯದು ಡಿಪ್ಲೊಮಾ. ಮೂರನೆಯದು ದೃಷ್ಟಿದೋಷ ವಿಭಾಗದಲ್ಲಿ ವಿಶೇಷ ಬಿ.ಎಡ್.

ಡಿಪ್ಲೊಮಾಗೂ ವಿಶೇಷ ಬಿ.ಎಡ್‌ಗೂ ಹಿಡಿಯುವ ಕಾಲ ಒಂದೇ. ಡಿಪ್ಲೊಮಾ ಪ್ರೈಮರಿ ಮಟ್ಟಕ್ಕೆ, ಬಿ.ಎಡ್ ಹೈಸ್ಕೂಲ್ ಮಟ್ಟಕ್ಕೆ. ಅವರ ಮನಸ್ಸಿನಲ್ಲಿ ಇದ್ದದ್ದು ಎಂಟನೇ ಕ್ಲಾಸಿನ ಆ ಹುಡುಗಿ, ಹಾಗಾಗಿ ಮೂರನೆಯದರ ಕಡೆ ವಾಲಿದರು.

ನಡುವೆ ಏಜೆಂಟ್ ಬಂದ. ಹೊರರಾಜ್ಯದ ಕಾಲೇಜು, ಹಾಜರಾತಿ ಬೇಕಿಲ್ಲ, ಪರೀಕ್ಷೆಗೆ ಹೋದರೆ ಸಾಕು, ರೆಕಾರ್ಡ್ ಎಲ್ಲ ಅವರೇ ಬರೆಸುತ್ತಾರೆ. ದೊಡ್ಡಪ್ಪ ಅಡ್ವಾನ್ಸ್ ಕೊಟ್ಟೂ ಬಿಟ್ಟಿದ್ದರು. ಆರ್‌ಸಿಐ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿ ಇರುತ್ತದೆ. ಮಂಜುಳ ಮತ್ತು ನಾನು ತಾಲ್ಲೂಕು ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯ ಕಂಪ್ಯೂಟರಿನಲ್ಲಿ ಕೂತು ಹುಡುಕಿದೆವು. ಕಾಲೇಜಿನ ಹೆಸರು ಸಿಕ್ಕಿತು, ಏಜೆಂಟ್ ಸುಳ್ಳು ಹೇಳಿರಲಿಲ್ಲ. ಆದರೆ ಅವರಿಗೆ ಮಾನ್ಯತೆ ಇದ್ದದ್ದು ಬುದ್ಧಿಮಾಂದ್ಯತೆಯ ಕೋರ್ಸಿಗೆ, ದೃಷ್ಟಿದೋಷದ ಕೋರ್ಸಿಗೆ ಅಲ್ಲ. ಮಾನ್ಯತೆ ಕಾಲೇಜಿಗೆ ಒಟ್ಟಾಗಿ ಸಿಗುವುದಿಲ್ಲ. ಒಂದೊಂದು ಕೋರ್ಸಿಗೆ, ಇಂತಿಷ್ಟು ಸೀಟಿಗೆ, ಇಂತಿಂಥ ವರ್ಷಗಳಿಗೆ ಅಂತ ಸಿಗುತ್ತದೆ. ಹೆಸರು ನೋಡಿ ಸಮಾಧಾನಪಟ್ಟುಕೊಂಡವರು ಎಷ್ಟೋ ಜನ ಕೋರ್ಸ್ ಮುಗಿದ ಮೇಲೆ ಸಿಆರ್‌ಆರ್ ನಂಬರ್ ಸಿಗದೆ ಅಲೆಯುತ್ತಾರೆ. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಆಮೇಲೆ ಸರಿಯಾಗಿ ಹುಡುಕಿದರು. ಡೆಹ್ರಾಡೂನ್‌ನಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಬಲೀಕರಣ ಸಂಸ್ಥೆ ಇದೆ, ಅಲ್ಲಿ ಬಿ.ಎಡ್, ಎಂ.ಎಡ್ ಎರಡೂ ಇದೆ. ಕೊಯಮತ್ತೂರಿನಲ್ಲಿ ರಾಮಕೃಷ್ಣ ಮಿಷನ್ ವಿವೇಕಾನಂದ ಶೈಕ್ಷಣಿಕ ಮತ್ತು ಸಂಶೋಧನಾ ಸಂಸ್ಥೆಯ ವಿಶೇಷ ಶಿಕ್ಷಣ ವಿಭಾಗ ಇದೆ. ನಮ್ಮ ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಅಂಧ ಮಕ್ಕಳ ಶಾಲೆ ಇದೆ, ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಮಕ್ಕಳಿದ್ದಾರೆ, ಪುಸ್ತಕವೂ ಇದೆ. ಹೈಸ್ಕೂಲ್ ಮಟ್ಟದ ಶಿಕ್ಷಕರನ್ನು ತಯಾರು ಮಾಡುವ ಸೀಟು ಮಾತ್ರ ನಮ್ಮ ಹತ್ತಿರದಲ್ಲಿ ಅವರಿಗೆ ಸಿಗಲಿಲ್ಲ. ಕೊನೆಗೆ ಅವರು ಸೇರಿದ್ದು ಡೆಹ್ರಾಡೂನೂ ಅಲ್ಲ, ಕೊಯಮತ್ತೂರೂ ಅಲ್ಲ, ಪಕ್ಕದ ರಾಜ್ಯದ ಒಂದು ಕಾಲೇಜಿಗೆ. ಕಾರಣ ಎರಡು. ಹಾಸ್ಟೆಲ್ ಇತ್ತು, ಅಲ್ಲಿನ ಮಕ್ಕಳು ತೆಲುಗು ಮಾತಾಡುತ್ತಿದ್ದರು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 2016ರ ಕಾಯ್ದೆ ಪ್ರಕಾರ ಶೇ 5 ಸೀಟು ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ, ವಯಸ್ಸಿನಲ್ಲಿ 5 ವರ್ಷ ವಿನಾಯಿತಿ. ಆ ಸೀಟು ಕೇಳಿ ಪಡೆದರು. ಕೇಳದಿದ್ದರೆ ಯಾರೂ ಕರೆದು ಕೊಡುತ್ತಿರಲಿಲ್ಲ.

ಬೆರಳೋ ಕಣ್ಣೋ

ನನ್ನ ಪ್ರಕಾರ ಈ ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮಂಜುಳ ಅವರಿಗೇ ಕಣ್ಣಿನ ತೊಂದರೆ ಇದೆ, ಹಾಗಾಗಿ ಅವರಿಗೆ ಇದು ಸುಲಭ ಅಂತ ಊರಲ್ಲೂ ಅಂದುಕೊಂಡರು, ಕಾಲೇಜಿನಲ್ಲೂ ಅಂದುಕೊಂಡರು. ತಿರುಗಾಮುರುಗಾ ಆಗಿತ್ತು. ತರಗತಿಯಲ್ಲಿ ಕಣ್ಣು ಚೆನ್ನಾಗಿರುವವರು ಬ್ರೈಲನ್ನು ಕಣ್ಣಿನಿಂದಲೇ ಓದುತ್ತಾರೆ. ಹಾಳೆಯನ್ನು ಬೆಳಕಿಗೆ ಓರೆ ಹಿಡಿದು ಚುಕ್ಕಿಯ ನೆರಳು ನೋಡಿ ಅಕ್ಷರ ಗುರುತಿಸುತ್ತಾರೆ. ಪರೀಕ್ಷೆ ಪಾಸಾಗಲು ಅಷ್ಟು ಸಾಕು. ಬೆರಳಿನಿಂದ ಓದುವವರು ಚಿಕ್ಕಂದಿನಿಂದ ಬ್ರೈಲ್ ಶಾಲೆಯಲ್ಲಿ ಕಲಿತವರು. ಮಂಜುಳ ಎರಡೂ ಅಲ್ಲ. ಬಿಳಿ ಹಾಳೆಯ ಮೇಲೆ ಬಿಳಿ ಚುಕ್ಕಿ ಅವರ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಬೆರಳಿಗೆ ಅಭ್ಯಾಸವೇ ಇಲ್ಲ.

ಅಲ್ಲಿನ ಉಪನ್ಯಾಸಕರೊಬ್ಬರು, ಅವರೂ ಅಂಧರು, ಮೊದಲ ಸೆಮಿಸ್ಟರಿನಲ್ಲೇ ಕೂರಿಸಿ ಕೇಳಿದರು. ಟೇಬಲ್ ಲ್ಯಾಂಪ್ ಇಟ್ಟುಕೊಂಡು ಕಣ್ಣಲ್ಲಿ ಓದಿ ಪಾಸಾಗ್ತೀಯೋ, ಬೆರಳಲ್ಲಿ ಕಲಿತು ಈ ಸೆಮಿಸ್ಟರ್ ಅಂಕ ಕಳ್ಕೊಳ್ತೀಯೋ, ನೀನೇ ಹೇಳು. ಇವರು ಬೆರಳು ಅಂದರು. ಅಂಕ ಹೋಯಿತು, ಆ ಪೇಪರಿನಲ್ಲಿ ಅಂಚಿನಲ್ಲಿ ಪಾಸಾದರು.

ಹೇಗೆ ಕಲಿತರು ಎಂಬುದನ್ನು ನೋಡಿ. ಬ್ರೈಲಿನಲ್ಲಿ ಅಕ್ಷರ ಕೂರುವ ಒಂದೊಂದು ಮನೆಯಲ್ಲೂ ಆರು ಚುಕ್ಕಿಗೆ ಜಾಗ. ಎಡಗಡೆ ಮೇಲಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಅ ಅಂದರೆ ಚುಕ್ಕಿ 1. ಕ ಅಂದರೆ 1 ಮತ್ತು 3. ಒತ್ತಕ್ಷರಕ್ಕೆ ಕೆಳಗೆ ಬರೆಯುವ ಜಾಗ ಇಲ್ಲ, ಎಲ್ಲ ಒಂದೇ ಸಾಲು. ಹಾಗಾಗಿ 'ಅಕ್ಕ' ಅಂತ ಬರೆಯಲು ಮೊದಲು ಅ, ಆಮೇಲೆ ಮುಂದೆ ಒತ್ತಿದೆ ಎಂದು ಹೇಳುವ ಚುಕ್ಕಿ 4, ಆಮೇಲೆ ಕ, ಮತ್ತೆ ಕ. ಕಣ್ಣಿಂದ ಕನ್ನಡ ಓದಿದವರಿಗೆ ಒತ್ತು ಆಮೇಲೆ ಬರುತ್ತದೆ. ಇಲ್ಲಿ ಅದರ ಸುಳಿವು ಮೊದಲೇ ಬರುತ್ತದೆ. ಇವರ ಬೆರಳು ಎಡವಿದ್ದೆಲ್ಲ ಇಲ್ಲಿ. ಬರೆಯುವಾಗ ಇನ್ನೊಂದು ಗೋಳು. ಸ್ಲೇಟಿನಲ್ಲಿ ಹಾಳೆ ಸಿಕ್ಕಿಸಿ ಮೊಳೆಯಂಥ ಸ್ಟೈಲಸ್‌ನಿಂದ ಹಿಂದಿನಿಂದ ಚುಚ್ಚಬೇಕು, ಹಾಗಾಗಿ ಬಲದಿಂದ ಎಡಕ್ಕೆ, ಅಕ್ಷರವೂ ತಿರುವುಮುರುವು. ಹಾಳೆ ಮಗುಚಿ ಹಾಕಿದರೆ ಎಡದಿಂದ ಬಲಕ್ಕೆ ಓದಬಹುದು. ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಲೈಟ್ ಆರಿಸಿ ಓದುತ್ತಿದ್ದರಂತೆ, ಕಣ್ಣು ಆಸೆಗೆ ಬಿದ್ದು ಹಾಳೆ ನೋಡಬಾರದು ಅಂತ.

ಕಲಿತ ಮೇಲೆ ಒಂದು ಲಾಭ ಆಯಿತು. ನಮ್ಮ ದೇಶದ ಭಾಷೆಗಳಿಗೆಂದು ಮಾಡಿದ ಭಾರತಿ ಬ್ರೈಲಿನಲ್ಲಿ ಬಹುಮಟ್ಟಿಗೆ ಒಂದು ಉಚ್ಚಾರಕ್ಕೆ ಒಂದೇ ಚುಕ್ಕಿ ಜೋಡಣೆ. ಕನ್ನಡದ ಕ, ತೆಲುಗಿನ ಕ, ಹಿಂದಿಯ ಕ ಎಲ್ಲ 1-3. ಮಂಜುಳ ತೆಲುಗು ಮಾತಾಡುತ್ತಾರೆ, ಅಚ್ಚಾದ ತೆಲುಗು ಓದಲು ಬರುವುದಿಲ್ಲ. ಆದರೆ ಅಭ್ಯಾಸದ ಶಾಲೆಯಲ್ಲಿ ಮಕ್ಕಳು ಬರೆದ ತೆಲುಗು ಬ್ರೈಲನ್ನು ನಿಧಾನವಾಗಿಯಾದರೂ ಓದಿದರು. ಜೊತೆಯಲ್ಲಿದ್ದ, ಕಣ್ಣು ಚೆನ್ನಾಗಿದ್ದ ತೆಲುಗು ಹುಡುಗಿಯರಿಗಿಂತ ಮೊದಲೇ ಮಕ್ಕಳ ಹಾಳೆ ತಿದ್ದಿಕೊಟ್ಟರು. ಹುಡುಗರು ಅವರ ಹತ್ತಿರವೇ ಬರತೊಡಗಿದರು.

ಇದರ ಜೊತೆಗೆ ಟೇಲರ್ ಫ್ರೇಮಿನಲ್ಲಿ ಮುಟ್ಟಿ ಮಾಡುವ ಲೆಕ್ಕ, ಅಬಾಕಸ್, ಬಿಳಿಕೋಲಿನ ನಡಿಗೆ. ಬಿಳಿಕೋಲು ಹಿಡಿಯಲು ನಾಚಿಕೆ ಪಡುತ್ತಿದ್ದವರು ಇವರು. ಇನ್ನೊಬ್ಬರಿಗೆ ಕಲಿಸಬೇಕಾದಾಗ ತಾವೂ ಹಿಡಿದರು.

ಎಂ.ಎಡ್‌ನ ಎರಡು ವರ್ಷ

ಇದನ್ನು ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಕಷ್ಟದ ಭಾಗ ಹಿಂದೆ ಆಗಿತ್ತು. ಸಿಆರ್‌ಆರ್ ನಂಬರ್ ಬಂದಿತ್ತು, ಅರ್ಹತೆ ತಕರಾರಿಲ್ಲದೆ ಸೀಟು ಸಿಕ್ಕಿತು. ತೊಡಕಾಗಿದ್ದು ಓದುವ ಸಾಮಗ್ರಿ. ಪಾಠ ಇಂಗ್ಲಿಷಿನಲ್ಲಿ, ಇವರು ಕನ್ನಡ ಮಾಧ್ಯಮದವರು. ಮೊದಲು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗೋಣ ಎಂದು ಶಿಕ್ಷಣ ಮನೋವಿಜ್ಞಾನದ ಕನ್ನಡ ನೋಟ್ಸ್ ಪಿಡಿಎಫ್ ತರಿಸಿದರು. ಎನ್‌ವಿಡಿಎ ಎಂಬ, ಪರದೆಯ ಅಕ್ಷರ ಓದಿ ಹೇಳುವ ತಂತ್ರಾಂಶ ಹಾಕಿ ಕೇಳಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯಾಕೆಂದರೆ ಅದು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಆದದ್ದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ್ದು. ಸ್ಕ್ಯಾನ್ ಮಾಡಿದ ಪುಟ ಆಗಿದ್ದರೆ ಅದೂ ಇಲ್ಲ, ಬರೀ ಮೌನ. ನಮ್ಮ ಕಡೆಯ ಎಷ್ಟೋ ನೋಟ್ಸು, ಸುತ್ತೋಲೆ ಇವತ್ತಿಗೂ ಹೀಗೇ ಇವೆ, ಅಂಧ ಶಿಕ್ಷಕರಿಗೆ ಕಳಿಸುವ ಸುತ್ತೋಲೆಯೂ ಸೇರಿ. ಏನು ಹೇಳೋಣ.

ತಮ್ಮನನ್ನು ಕೂರಿಸಿಕೊಂಡು ನುಡಿ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಿದರು, ಪುಸ್ತಕಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅಕ್ಷರ ಮಾಡಿಸಿಕೊಂಡರು. ಇದು ಕಳ್ಳತನ ಅಲ್ವಾ ಅಂತ ತಮ್ಮನಿಗೆ ಅಳುಕು. ಅಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿ, ವಿಕಲಚೇತನರ ಸ್ವಂತ ಓದಿಗೆ ಪುಸ್ತಕವನ್ನು ಓದಲಾಗುವ ರೂಪಕ್ಕೆ ತರಲು ಅವಕಾಶ ಕೊಟ್ಟಿದ್ದಾರೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯದಿಂದಲೂ ಇಂಗ್ಲಿಷ್ ಪುಸ್ತಕ ತಗೊಂಡರು.

ಪರೀಕ್ಷೆಗೆ ಲಿಪಿಕಾರರು, ಅಂದರೆ ನಾವು ಹೇಳಿದ ಉತ್ತರ ಬರೆಯುವವರು. 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇತ್ತು. ನಾವೇ ಕರೆದುಕೊಂಡು ಹೋಗುವ ಲಿಪಿಕಾರರು ನಮಗಿಂತ ಒಂದು ಮೆಟ್ಟಿಲು ಕಡಿಮೆ ಓದಿದವರಾಗಿರಬೇಕಿತ್ತು. ಸೈದ್ಧಾಂತಿಕ ಇಂಗ್ಲಿಷ್ ಪದಗಳನ್ನು ಲಿಪಿಕಾರಳಾಗಿ ಬಂದ ಹುಡುಗಿಗೆ ಒಂದೊಂದೇ ಸ್ಪೆಲ್ಲಿಂಗ್ ಹೇಳಿ ಬರೆಸುವಷ್ಟರಲ್ಲಿ ಹೆಚ್ಚುವರಿ ಸಮಯ ಮುಗಿಯುತ್ತಿತ್ತು. ಎರಡನೇ ಸೆಮಿಸ್ಟರಿನಿಂದ ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡುತ್ತೇನೆ ಎಂದು ಅರ್ಜಿ ಕೊಟ್ಟರು. ಮಾರ್ಗಸೂಚಿಯಲ್ಲಿ ಅದಕ್ಕೂ ಅವಕಾಶ ಇತ್ತು. ಕಚೇರಿಯವರು ತಕರಾರು ಮಾಡಿದರು, ಪ್ರತಿ ತೋರಿಸಿದ ಮೇಲೆ ಒಪ್ಪಿದರು.

ಪ್ರಬಂಧದ ವಿಷಯದಲ್ಲಿ ಮಾತ್ರ ಒಂದು ಜಗ್ಗಾಟ ನಡೆಯಿತು. ಮಾರ್ಗದರ್ಶಕರು ಹೇಳಿದ್ದು ಮಾಮೂಲಿ, ವಿಕಲಚೇತನ ಮಕ್ಕಳ ಬಗ್ಗೆ ಶಿಕ್ಷಕರ ಮನೋಭಾವ. ಪ್ರಶ್ನಾವಳಿ ಹಂಚಿ, ವಾಪಸ್ ತಗೊಂಡು, ಟೇಬಲ್ ಹಾಕಿದರೆ ಮುಗೀತು. ಇವರು ಹಿಡಿದದ್ದು ಬೇರೆ. ಮಂದದೃಷ್ಟಿಯ ಮಗು ಅಚ್ಚು ಓದಬೇಕೋ ಬ್ರೈಲ್ ಓದಬೇಕೋ ಎಂದು ನಮ್ಮ ಶಾಲೆಗಳಲ್ಲಿ ಯಾರು, ಹೇಗೆ ತೀರ್ಮಾನ ಮಾಡುತ್ತಾರೆ? ಕೆಲವೇ ಮಕ್ಕಳು, ಒಬ್ಬೊಬ್ಬರನ್ನೂ ಕೂತು ನೋಡುವುದು. ಮಾದರಿ ಸಣ್ಣದಾಯ್ತು ಎಂದು ಮಾರ್ಗದರ್ಶಕರು ಗೊಣಗಿದರು, ಕೊನೆಗೆ ಬಿಟ್ಟರು. ನಮ್ಮ ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆ, ಹಾಗಾಗಿ ಅನುಮತಿಗೆ ಎರಡು ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿ.

ಅದರಲ್ಲಿ ಒಬ್ಬ ಹುಡುಗನನ್ನು ನಾನೂ ನೋಡಿದ್ದೇನೆ. ಐದನೇ ಕ್ಲಾಸು. ಮೂಗು ಪುಸ್ತಕಕ್ಕೆ ತಾಗುತ್ತದೆ. ಮೊದಲ ಪ್ಯಾರಾ ಚೆನ್ನಾಗಿಯೇ ಓದುತ್ತಾನೆ, ಮೇಷ್ಟ್ರು ಅಷ್ಟು ಕೇಳಿ "ಓದ್ತಾನೆ ಬಿಡಿ" ಅಂದಿದ್ದಾರೆ. ಮಂಜುಳ ನಿಲ್ಲಿಸದೆ ಓದಿಸಿದರು. ಎರಡನೇ ಪುಟಕ್ಕೆ ಸಾಲು ತಪ್ಪಿತು, ಮೂರನೆಯದರಲ್ಲಿ ಕಣ್ಣೀರು ಸುರಿಯಿತು, ಏನು ಓದಿದೆ ಎಂದರೆ ಗೊತ್ತಿಲ್ಲ. ಅಚ್ಚು ಓದಲು ಬರುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ದಿನಪೂರ್ತಿ, ವರ್ಷಪೂರ್ತಿ ಅದರಲ್ಲೇ ಓದಿ ಮೇಲೆ ಬರಲು ಆಗುತ್ತದೆಯೋ ಎಂಬುದು. ಸಾಮಾನ್ಯ ಎಂ.ಎಡ್ ಮಾಡಿದ ಯಾರೂ ಮೂರನೇ ಪುಟದವರೆಗೆ ಕಾಯುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾಯಬೇಕು ಎಂದು ಅವರಿಗೆ ಕಲಿಸಿದ್ದು ಎಂ.ಎಡ್ ಕೂಡ ಅಲ್ಲ, ಜನ ಬೇಡ ಅಂದ ಆ ಎರಡನೇ ಬಿ.ಎಡ್. ಹುಡುಗನಿಗೆ ಈಗ ಅಚ್ಚಿನ ಜೊತೆ ಬ್ರೈಲೂ ನಡೆಯುತ್ತಿದೆ. ಅವನ ತಾಯಿಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. "ಕುರುಡರ ಬರಹ ಯಾಕೆ, ನನ್ ಮಗನಿಗೆ ಕಾಣ್ಸುತ್ತೆ" ಅನ್ನುತ್ತಾರೆ.

ಈಗ ಎಲ್ಲಿದ್ದಾರೆ

ಎಂ.ಎಡ್ ಮುಗಿದಿದೆ, ಸಿಆರ್‌ಆರ್‌ನಲ್ಲಿ ಹೆಚ್ಚುವರಿ ವಿದ್ಯಾರ್ಹತೆ ಸೇರಿದೆ. ಹೊರರಾಜ್ಯದ ತರಬೇತಿ ಕಾಲೇಜೊಂದು ಉಪನ್ಯಾಸಕಿಯಾಗಿ ಕರೆಯಿತು. ಹೋಗಲಿಲ್ಲ. ಸದ್ಯ ಜಿಲ್ಲೆಯಲ್ಲೇ ಗುತ್ತಿಗೆ ಮೇಲೆ ಇದ್ದಾರೆ, ಸಂಬಳ ಕೆಲವು ತಿಂಗಳು ತಡವಾಗುತ್ತದೆ. ನೋಟ ಇನ್ನಷ್ಟು ಕುಗ್ಗಿದೆ, ಓದು ಈಗ ಬಹುಪಾಲು ಬೆರಳಿನಲ್ಲಿ ಮತ್ತು ಕಿವಿಯಲ್ಲಿ.

4 ವರ್ಷ ದುಡ್ಡು, ಕಾಲ ಹಾಕಿ ಗುತ್ತಿಗೆ ಕೆಲಸವಾ ಎಂದು ಕೇಳುವವರಿಗೆ ನನ್ನ ಹತ್ತಿರ ಸಿಹಿ ಉತ್ತರ ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಕಾಯಂ ಹುದ್ದೆ ಬೇಕು ಎಂದು ಹೇಳಿತು. 2022ರಲ್ಲಿ ಕೇಂದ್ರದ ಅಧಿಸೂಚನೆ ಬಂತು, 1ರಿಂದ 5ನೇ ತರಗತಿಯಲ್ಲಿ 10 ವಿಕಲಚೇತನ ಮಕ್ಕಳಿಗೆ ಒಬ್ಬರು, 6ರಿಂದ 8ರಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಅಂತ. ಆ ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳುವುದು ಆರ್‌ಸಿಐ ನೋಂದಣಿ. ಸಾಮಾನ್ಯ ಎಂ.ಎಡ್ ಮಾಡಿದ್ದರೆ ಮಂಜುಳ ಆ ಸಾಲಿನಲ್ಲಿ ನಿಲ್ಲಲೂ ಆಗುತ್ತಿರಲಿಲ್ಲ. ಅದಕ್ಕೇ ಯಾರಾದರೂ ಕಾಲೇಜಿನ ಹೆಸರು ಕೇಳಿದರೆ ನಾನು ಮೊದಲು ಕೇಳುವುದು, ಓದಿದ ಮೇಲೆ ಯಾವ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತ ಇದ್ದೀರಿ, ಅಲ್ಲಿ ಯಾವ ನೋಂದಣಿ ಕೇಳುತ್ತಾರೆ ಅಂತ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ ಕೋರ್ಸ್ ತಾನಾಗಿ ಗೊತ್ತಾಗುತ್ತದೆ. ಇನ್ನೊಂದು, ಸೇರುವ ಮೊದಲೇ ಒಂದು ಸ್ಲೇಟು, ಸ್ಟೈಲಸ್ ತಗೊಂಡು ಬೆರಳಿನಿಂದ ಬ್ರೈಲ್ ಶುರು ಮಾಡಿ, ಕಣ್ಣು ಎಷ್ಟೇ ಚೆನ್ನಾಗಿರಲಿ. ಕಾಲೇಜಿಗೆ ಹೋಗಿ ಕಲಿಯುತ್ತೇನೆ ಅಂದರೆ ಪಾಸಾಗುವಷ್ಟು ಮಾತ್ರ ಕಲಿಯುತ್ತೀರಿ.

ಪಿಎಚ್‌.ಡಿ ವಿಷಯದಲ್ಲಿ ನಮಗಿಬ್ಬರಿಗೂ ಹೊಂದುವುದಿಲ್ಲ. ಆ ಸಣ್ಣ ಪ್ರಬಂಧವನ್ನೇ ಬೆಳೆಸಿ, ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್‌ಗೂ ಓದಿ ಎಂದು ನಾನು ಹೇಳುತ್ತಲೇ ಇದ್ದೇನೆ. ಅವರು "ಮೊದಲು ಕಾಯಂ ಆಗ್ಲಿ ಸಾರ್, ಆಮೇಲೆ ನೋಡೋಣ" ಎನ್ನುತ್ತಾರೆ. ಹುದ್ದೆಗಳಿಗೆ ಅರ್ಜಿ ಕರೆಯುವುದನ್ನೇ ಕಾಯುತ್ತಿದ್ದಾರೆ.